ಮೆಕ್ಯಾನಿಕಲ್ಲೇ ಓದಬೇಕು, ಕಾಲೇಜು ಹೇಗೆ ಆರಿಸಲಿ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಗದಗ ಜಿಲ್ಲೆ. ಅಪ್ಪನದು ಪಂಪ್‌ಸೆಟ್ ರಿಪೇರಿ ಅಂಗಡಿ. ಚಿಕ್ಕಂದಿನಿಂದ ಅಲ್ಲೇ ಕೂತು ಬೇರಿಂಗ್ ಬಿಚ್ಚಿ ಕೂರಿಸಿದವಳು ನಾನು. ಸಿಇಟಿ ರ‍್ಯಾಂಕ್ ಬಂದಿದೆ, ಮೆಕ್ಯಾನಿಕಲ್ಲೇ ಬೇಕು. ಕಾಕಾ ಮಾತ್ರ "ಹುಡುಗಿಗೆ ಅದೆಲ್ಲ ಯಾಕೆ, ಯಾವ ಕಾಲೇಜಾದರೂ ಸರಿ, ಕಂಪ್ಯೂಟರ್ ತಗೋ" ಅನ್ನುತ್ತಾರೆ. ಬೆಂಗಳೂರಿಗೇ ಹೋಗಬೇಕಾ, ಹುಬ್ಬಳ್ಳಿ, ಬೆಳಗಾವಿ ಕಡೆ ಆದರೂ ನಡೆಯುತ್ತದಾ?

ಉತ್ತರ: ತಂಗಿ, ನಾನು 22 ವರ್ಷದಿಂದ ಬೆಂಗಳೂರಿನ ಪೀಣ್ಯದ ಟೂಲ್‌ರೂಮಿನಲ್ಲಿ (ಡೈ, ಅಂದರೆ ಅಚ್ಚು ಮಾಡುವ ಕಡೆ) ಇದ್ದೇನೆ. ಹೊಸಬರ ಇಂಟರ್‌ವ್ಯೂಗೆ ಕೂರುವುದೂ ನಾನೇ. ಟೇಬಲ್ ಮೇಲೆ ಒಂದು ಶಾಫ್ಟು, ಒಂದು ಮೈಕ್ರೋಮೀಟರ್ (ತೀರಾ ಸೂಕ್ಷ್ಮ ಅಳತೆ ತೆಗೆಯುವ ಉಪಕರಣ) ಇಟ್ಟು ಅಳತೆ ಹೇಳಿ ಅನ್ನುತ್ತೇನೆ. ದೊಡ್ಡ ಹೆಸರಿನ ಕಾಲೇಜಿನಿಂದ ಬಂದವರೂ ಎಷ್ಟೋ ಜನ ರ‍್ಯಾಚೆಟ್ (ಒತ್ತಡ ಹದವಾಗಿಡುವ ತುದಿಯ ತಿರುಪು) ಮುಟ್ಟುವುದೇ ಇಲ್ಲ, ನಟ್ಟು ಬಿಗಿದ ಹಾಗೆ ಬಿಗಿದುಬಿಡುತ್ತಾರೆ. ಹೋದ ವರ್ಷ ಒಬ್ಬ ಹುಡುಗ ಬಂದಿದ್ದ. ಮೊದಲು ಮೈಕ್ರೋಮೀಟರಿನ ಬಾಯಿ ಒರೆಸಿದ. ಮುಚ್ಚಿ ಸೊನ್ನೆ ಬರುತ್ತದಾ ನೋಡಿದ. ಆಮೇಲೆ ಶಾಫ್ಟನ್ನು ಮೂರು ಜಾಗದಲ್ಲಿ ಅಳೆದ. ಅವನ ಕಾಲೇಜಿನ ಹೆಸರು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅವತ್ತೇ ತಗೊಂಡೆವು.

ಹಾಗಾಗಿ ನನ್ನ ಮೊದಲ ಮಾತು: ಕಾಲೇಜಿಗೆ ಹೋಗಿ ವರ್ಕ್‌ಶಾಪ್ ನೋಡು. ಲೇತ್ ಕೆಳಗಿನ ಟ್ರೇಯಲ್ಲಿ ಹೊಸ ಚಿಪ್ಸ್ (ಕತ್ತರಿಸಿದ ಲೋಹದ ಚೂರು) ಬಿದ್ದಿದೆಯಾ, ಅಥವಾ ತುಕ್ಕು ಹಿಡಿದ ಹಳೇದಾ? ಹುಡುಗರು ಮಾಡಿದ ಜಾಬ್, ಅಂದರೆ ಅಭ್ಯಾಸಕ್ಕೆ ಕೊರೆದ ತುಂಡು, ತೋರಿಸಿ ಅನ್ನು. ಎಲ್ಲವೂ ಒಂದೇ ಥರ ಪಳಪಳ ಅಂತಿದ್ದರೆ ಇನ್‌ಸ್ಟ್ರಕ್ಟರ್ ಮಾಡಿಟ್ಟಿದ್ದು ಅಂತ ನನಗೆ ಅನುಮಾನ. ಒಂದರ ಥ್ರೆಡ್ ಕಿತ್ತುಹೋಗಿದೆ, ಇನ್ನೊಂದರ ಟೇಪರ್ (ಓರೆ) ಜಾಸ್ತಿ ಆಗಿದೆ ಅಂದರೆ ಅಲ್ಲಿ ಮಕ್ಕಳ ಕೈ ಆಡಿದೆ. ನಾನು ಓದಿದ ಕಡೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷಿನ್ ಇತ್ತು, ಅದರ ಮೇಲೊಂದು ಪ್ಲಾಸ್ಟಿಕ್ ಹೊದಿಕೆಯೂ ಇತ್ತು. ತಪಾಸಣೆಗೆ ಜನ ಬಂದ ದಿನ ಮಾತ್ರ ಹೊದಿಕೆ ತೆಗೆಯುತ್ತಿದ್ದರು. ಅದಕ್ಕೆ ಆಫ್‌ಸೆಟ್ (ಟೂಲಿನ ಅಳತೆ) ಹಾಕುವುದನ್ನು ನಾನು ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ, ಅದೂ ಐಟಿಐ ಮಾಡಿದ್ದ ಒಬ್ಬ ಆಪರೇಟರ್ ಅಣ್ಣನಿಂದ. ನಾಲ್ಕು ವರ್ಷ ಹಾಗೆ ಹೋಯಿತಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನು ಕಾಗದದ ವಿಷಯ. ನ್ಯಾಕ್, ಎನ್‌ಬಿಎ ಎರಡೂ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಸಂಸ್ಥೆಗಳು. ನ್ಯಾಕ್ ಗ್ರೇಡ್ ಇಡೀ ಕಾಲೇಜಿಗೆ ಕೊಡುವುದು. ಎನ್‌ಬಿಎ ಮಾನ್ಯತೆ ಆಯಾ ಕೋರ್ಸಿಗೆ ಕೊಡುವುದು. ಕಂಪ್ಯೂಟರ್ ಸೈನ್ಸ್‌ಗೆ ಇದ್ದ ಮಾತ್ರಕ್ಕೆ ಮೆಕ್ಯಾನಿಕಲ್‌ಗೂ ಇದೆ ಅಂತಲ್ಲ. ಯಾವ ವರ್ಷದವರೆಗೆ ಇದೆ ಅಂತಲೂ ನೋಡು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯ ಅಟಾನಮಸ್ ಕಾಲೇಜು ಅಂದರೆ ಸಿಲಬಸ್, ಪರೀಕ್ಷೆ ಅವರದೇ, ಡಿಗ್ರಿ ಮಾತ್ರ ವಿಟಿಯುದು. ಒಳ್ಳೆ ಮೇಷ್ಟ್ರುಗಳಿದ್ದರೆ ಇದು ವರ, ಇಲ್ಲದಿದ್ದರೆ ಏನೂ ಪ್ರಯೋಜನವಿಲ್ಲ.

ಪ್ಲೇಸ್‌ಮೆಂಟ್ ಶೇಕಡಾ ಇಷ್ಟು ಅಂದ ತಕ್ಷಣ ಒಪ್ಪಬೇಡ. ಮೆಕ್ಯಾನಿಕಲ್ ಮಕ್ಕಳಲ್ಲಿ ಎಷ್ಟು ಜನ ಸಾಫ್ಟ್‌ವೇರ್ ಕಂಪನಿಗೆ ಹೋದರು, ಎಷ್ಟು ಜನ ಡಿಸೈನ್, ಪ್ರೊಡಕ್ಷನ್ ಕಡೆ ಹೋದರು ಅಂತ ಬಿಡಿಸಿ ಕೇಳು.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ಊರಿನ ವಿಷಯ ಹೇಳಲಿಲ್ಲ. ಆಪ್ಷನ್ ಎಂಟ್ರಿಯಲ್ಲಿ (ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ತುಂಬುವ ಪಟ್ಟಿ) ಯಾವುದನ್ನು ಮೊದಲು ಹಾಕಲಿ?

ಉತ್ತರ: ನಿನ್ನ ರ‍್ಯಾಂಕಿಗೆ ಸಿಕ್ಕರೆ ಬೆಂಗಳೂರಿನ ಯುವಿಸಿಇ ಒಳ್ಳೆಯದು. 1917ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಶುರುವಾದ ಸರ್ಕಾರಿ ಕಾಲೇಜು, ಖರ್ಚು ಕಡಿಮೆ. ಆದರೆ ಬೆಂಗಳೂರೇ ಆಗಬೇಕು ಅಂತ ಖಂಡಿತ ಇಲ್ಲ. ಹುಬ್ಬಳ್ಳಿಯ ಬಿವಿಬಿ ಕಾಲೇಜು 1947ರದು, ಈಗ ಕೆಎಲ್‌ಇ ಟೆಕ್ ಅನ್ನುವ ವಿಶ್ವವಿದ್ಯಾಲಯ. ಧಾರವಾಡದಲ್ಲಿ ಎಸ್‌ಡಿಎಂ ಕಾಲೇಜು ಇದೆ, ಅದೇ ಊರಲ್ಲಿ ಟಾಟಾ ಮೋಟಾರ್ಸ್ ಕಾರ್ಖಾನೆಯೂ ಇದೆ. ಬೆಳಗಾವಿಯ ಗೋಗಟೆ ಕಾಲೇಜು ಇರುವುದೇ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ. ಗೇಟ್ ದಾಟಿದರೆ ಫೌಂಡ್ರಿ, ಮಷಿನ್ ಶಾಪ್. ಕ್ಯಾಸ್ಟಿಂಗ್ ಪಾಠ ಕೇಳಿದ ದಿನವೇ ಎರಕ ಹೊಯ್ಯುವುದನ್ನು ಕಣ್ಣಾರೆ ನೋಡಬಹುದು. ಮೆಕ್ಯಾನಿಕಲ್‌ಗೆ ಊರು ಆರಿಸುವಾಗ ಸುತ್ತ ಯಾವ ಕಾರ್ಖಾನೆ ಇದೆ ಅಂತ ಅದಕ್ಕೇ ನೋಡು ಅನ್ನುವುದು. ಇಂಟರ್ನ್‌ಶಿಪ್, ಪ್ರಾಜೆಕ್ಟ್ ಅಲ್ಲೇ ಹುಟ್ಟುತ್ತವೆ.

ಒಂದೇ ಕಾಲೇಜಿನಲ್ಲಿ ಕಂಪ್ಯೂಟರ್‌ಗಿಂತ ಮೆಕ್ಯಾನಿಕಲ್ ಕಟ್‌ಆಫ್ ತುಂಬಾ ಹಿಂದಕ್ಕೆ ಹೋಗುತ್ತದೆ, ಅಂದರೆ ಹಿಂದಿನ ರ‍್ಯಾಂಕಿನವರಿಗೂ ಸೀಟು ಸಿಗುತ್ತದೆ. ನಿನ್ನ ರ‍್ಯಾಂಕಿಗೆ ಕಂಪ್ಯೂಟರ್ ಎಲ್ಲಿ ಸಿಗುತ್ತದೆ, ಮೆಕ್ಯಾನಿಕಲ್ ಎಲ್ಲಿ ಸಿಗುತ್ತದೆ, ಎರಡನ್ನೂ ಕೆಇಎ (ಸಿಇಟಿ ನಡೆಸುವ ಪ್ರಾಧಿಕಾರ) ಪಟ್ಟಿಯಿಂದ ಬರೆದು ಕಾಕಾಗೆ ತೋರಿಸು.

ಸಿಗಲ್ಲ ಅನ್ನುವ ಭಯಕ್ಕೆ ಇಷ್ಟದ ಕಾಲೇಜನ್ನು ಕೆಳಗೆ ತಳ್ಳಬೇಡ. ಹಂಚಿಕೆ ಮೇಲಿನಿಂದ ಕೆಳಗೆ ನೋಡಿಕೊಂಡು ಬರುತ್ತದೆ. ಮೇಲೆ ಹಾಕಿದ್ದು ಸಿಗದಿದ್ದರೆ ಕೆಳಗಿನದಕ್ಕೆ ಏನೂ ನಷ್ಟವಿಲ್ಲ. ಸೇರುವ ಮನಸ್ಸೇ ಇಲ್ಲದ ಕಾಲೇಜನ್ನು ಹಾಕಲೇಬೇಡ. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಮೀಸಲಾತಿಗೆ ಅದರ ಸರ್ಟಿಫಿಕೇಟ್ ಸಿದ್ಧ ಇರಲಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಮಗನಿಗೆ ಮ್ಯಾನೇಜ್‌ಮೆಂಟ್ ಸೀಟಿಗೆ ಸಾಲ ಮಾಡಬಹುದಾ ಸರ್?

ಉತ್ತರ: ಮೆಕ್ಯಾನಿಕಲ್‌ಗೆ ಬೇಡ ಅಣ್ಣಾ. ಸಿಇಟಿಯಲ್ಲೇ ಎಷ್ಟೋ ಒಳ್ಳೆ ಸೀಟು ಸಿಗುತ್ತವೆ. ಆ ದುಡ್ಡು ಮನೆಯಲ್ಲಿರಲಿ.

ಪ್ರಶ್ನೆ: ಸರ್, ಸೋಮವಾರ ಅಪ್ಪನ ಜೊತೆ ಬೆಳಗಾವಿಗೆ ಹೊರಟಿದ್ದೇನೆ. ಶಾಪ್ ಫ್ಲೋರಿನಲ್ಲಿ ನಿಜವಾಗಲೂ ಹುಡುಗಿಯರು ಇರುತ್ತಾರಾ?

ಉತ್ತರ: ನಮ್ಮ ಟೂಲ್‌ರೂಮಿನಲ್ಲಿ ಸಿಎಂಎಂ ಅನ್ನುವ ಮಷಿನ್ ಮೇಲೆ ಅಳತೆ ತೆಗೆಯುವ ಇಬ್ಬರೂ ಹೆಣ್ಣುಮಕ್ಕಳೇ. ಅವರ ಸಹಿ ಇಲ್ಲದೆ ಒಂದು ಡೈ ಹೊರಗೆ ಹೋಗಲ್ಲ. ಈ ಮಾತು ಕಾಕಾಗೂ ಹೇಳು.

ಹೊರಡುವ ಮುಂಚೆ ಫೋನ್ ಮಾಡಿ ಪ್ರಾಕ್ಟಿಕಲ್ ಎಷ್ಟು ಹೊತ್ತಿಗೆ ಅಂತ ಕೇಳು, ಆ ಹೊತ್ತಿಗೇ ಹೋಗು. ಚಪ್ಪಲಿ ಬೇಡ, ಶೂ ಹಾಕು. ದುಪ್ಪಟ್ಟಾ ಬೇಡ, ಜಡೆ ಗಟ್ಟಿಯಾಗಿ ಮೇಲೆ ಕಟ್ಟು. ಮಷಿನ್ ಹತ್ತಿರ ನಿಲ್ಲಲು ಬಿಟ್ಟರೆ ಅಪ್ಪನನ್ನೂ ಜೊತೆಗೆ ಕರೆದುಕೋ. ಬೇರಿಂಗ್ ಶಬ್ದ ಕೇಳಿಯೇ ಅವರು ಅರ್ಧ ಹೇಳಿಬಿಡುತ್ತಾರೆ.