ಗ್ಲೋಬಲ್ ಕ್ಯಾಮೆರಾ ಹಾಕಿದರೂ ಬೆಲ್ಟ್ ಮೇಲಿನ ಅಡಿಕೆಗೆ ಬಾಲ ಬರುತ್ತಿದೆ, ಸಹಾಯ ಬೇಕು

ಅಡಿಕೆ_ಅಂಗಳ (ಶಿರಸಿ):
ತಲೆ ಕೆಟ್ಟು ಹೋಗಿದೆ. ಚಾಲಿ (ಒಣಗಿಸಿ ಸುಲಿದ ಅಡಿಕೆ) ವಿಂಗಡಿಸಲು ಬೆಲ್ಟ್ ಮೇಲೆ ಕ್ಯಾಮೆರಾ ಕೂರಿಸಿದ್ದೇನೆ. ಮೊದಲಿದ್ದ, ಚಿತ್ರವನ್ನು ಸಾಲು ಸಾಲಾಗಿ ಹಿಡಿಯುವ ರೋಲಿಂಗ್ ಶಟರ್‌ನಲ್ಲಿ ಅಡಿಕೆ ಓರೆಯಾಗಿ ಬರುತ್ತಿತ್ತು. ದುಡ್ಡು ಸುರಿದು, ಇಡೀ ಚಿತ್ರ ಒಂದೇ ಏಟಿಗೆ ಹಿಡಿಯುವ ಗ್ಲೋಬಲ್ ತರಿಸಿದೆ. ಓರೆ ಹೋಯಿತು. ಆದರೆ ಈಗ ಚಿತ್ರದ ಮೇಲ್ಭಾಗ ಮಾತ್ರ ಚೊಕ್ಕ. ಕೆಳಗೆ ಹೋದಷ್ಟೂ ಬೆಳ್ಳಗಾಗಿ ಅಡಿಕೆಗೆ ಬಾಲ ಬರುತ್ತದೆ. ಕೋಕಾ (ಕೆಳದರ್ಜೆಯ ಅಡಿಕೆ) ಯಾವುದು, ಒಳ್ಳೆ ಮಾಲು ಯಾವುದು ಎಂದು ಸಾಫ್ಟ್‌ವೇರ್‌ಗೆ ತಿಳಿಯುತ್ತಿಲ್ಲ. ಎಕ್ಸ್‌ಪೋಷರ್ (ಬೆಳಕು ಹಿಡಿಯುವ ಸಮಯ) 200 ಮೈಕ್ರೋಸೆಕೆಂಡ್, ಅಂದರೆ 0.2 ಮಿಲಿಸೆಕೆಂಡ್, ಫ್ಲ್ಯಾಶ್ ಕೂಡ ಇದೆ. ಮತ್ತೇನು ಬೇಕು ಇದಕ್ಕೆ?

ಕುಮಟಾ_ವೈರಿಂಗ್:
ಕರೆಂಟಿನ ಮಿಣುಕು. 50 ಹರ್ಟ್ಸ್ ಲೈನಿನಲ್ಲಿ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಲೈಟಿಗೆ ಡಿಸಿ ಕೊಡಿ.

ಅಡಿಕೆ_ಅಂಗಳ:
24 ವೋಲ್ಟ್ ಡಿಸಿ ಮೇಲೇ ಇದೆ ಸರ್.

ಕುಮಟಾ_ವೈರಿಂಗ್:
ಅಗ್ಗದ ಎಸ್‌ಎಂಪಿಎಸ್ (ಕರೆಂಟನ್ನು ಡಿಸಿ ಮಾಡುವ ಪೆಟ್ಟಿಗೆ) ಆದರೆ ಡಿಸಿಯಲ್ಲೂ ರಿಪಲ್ (ಸಣ್ಣ ಏರಿಳಿತ) ಇರುತ್ತದೆ. ಬ್ಯಾಟರಿಗೆ ಕೊಟ್ಟು ನೋಡಿ.

ಅಡಿಕೆ_ಅಂಗಳ:
ಬ್ಯಾಟರಿಗೂ ಕೊಟ್ಟೆ. ಹಾಗೇ ಇದೆ.

ಕುಮಟಾ_ವೈರಿಂಗ್:
ಹಾಗಾದರೆ ಶೆಡ್ಡಿನ ಟ್ಯೂಬ್‌ಲೈಟು. ಮಿಣುಕೇ, ಬರೆದುಕೊಡುತ್ತೇನೆ.

ಯಲ್ಲಾಪುರ_ಪಿಕ್ಸೆಲ್:
ಮಿಣುಕು ಬಿಡಿ ಮಾರಾಯ್ರೆ. ನಿಜವಾದ ಗ್ಲೋಬಲ್ ಶಟರ್‌ನಲ್ಲಿ ಎಲ್ಲ ಪಿಕ್ಸೆಲ್‌ಗಳೂ ಒಟ್ಟಿಗೆ ಬೆಳಕು ಹಿಡಿಯಲು ಶುರು ಮಾಡಿ ಒಟ್ಟಿಗೇ ನಿಲ್ಲಿಸುತ್ತವೆ. ಪ್ರತಿ ಪಿಕ್ಸೆಲ್ ಒಳಗೂ ಬೆಳಕು ಬೀಳದ ಹಾಗೆ ಮುಚ್ಚಿದ ಪುಟ್ಟ ಜಾಗ ಇರುತ್ತದೆ. ಹಿಡಿದ ಚಾರ್ಜ್ ಒಂದೇ ಏಟಿಗೆ ಅಲ್ಲಿಗೆ ಹೋಗುತ್ತದೆ. ಸಾಲು ಸಾಲಾಗಿ ಓದುವುದು ಆಮೇಲೆ, ನಿಧಾನಕ್ಕೆ. ಹಾಗಾಗಿ ಬೆಳಕು ಮಿಣುಕಿದರೆ ಒಂದು ಫ್ರೇಮ್ ಪೂರ್ತಿ ಮಬ್ಬು, ಇನ್ನೊಂದು ಪೂರ್ತಿ ಬೆಳಕು ಬರಬೇಕು. ಒಂದೇ ಫ್ರೇಮಿನಲ್ಲಿ ಮೇಲೆ ಕಪ್ಪು, ಕೆಳಗೆ ಬಿಳಿ ಬರುವುದಿಲ್ಲ. ಕ್ಯಾಮೆರಾ ಮಾಡೆಲ್ ಯಾವುದು? ಇದನ್ನು ಯಾರೂ ಕೇಳಲೇ ಇಲ್ಲವಲ್ಲ!

ಕಾಳಿ_ದಂಡೆ (ಕಾರವಾರ):
ನನ್ನ ಹತ್ತಿರ ಸೋನಿ ಐಎಂಎಕ್ಸ್174 ಸೆನ್ಸರಿನ ಗ್ಲೋಬಲ್ ಶಟರ್ ಕ್ಯಾಮೆರಾ ಇದೆ. 5.86 ಮೈಕ್ರಾನ್ ಪಿಕ್ಸೆಲ್, ದೊಡ್ಡದು, ಬೆಳಕು ಚೆನ್ನಾಗಿ ಹಿಡಿಯುತ್ತದೆ. ಅಸ್ನೋಟಿ ಹತ್ತಿರ ಲಾರಿ ಹೊತ್ತ ರೋರೋ ರೈಲು ಹೋಗುವಾಗ ಮೇಲಿನ ಲಾರಿಗಳ ನಂಬರ್ ಪ್ಲೇಟ್ ಸಲೀಸಾಗಿ ಓದುತ್ತೇನೆ. ಮಳೆಯಲ್ಲೂ!

ಬನವಾಸಿ_ಬೋರ್ಡು:
ಬೆಲ್ಟಿಗೆ ಲೈನ್ ಸ್ಕ್ಯಾನ್ ಕ್ಯಾಮೆರಾನೇ ಸರಿ. ಒಂದೇ ಸಾಲು ಪಿಕ್ಸೆಲ್. ಈ ತಕರಾರೇ ಇಲ್ಲ.

ಕಾಳಿ_ದಂಡೆ:
ಎನ್‌ಕೋಡರ್ (ಬೆಲ್ಟಿನ ಓಟ ಅಳೆದು ಕ್ಯಾಮೆರಾಗೆ ತಿಳಿಸುವ ಸಾಧನ) ಯಾರು ಹಾಕಿಕೊಡುತ್ತಾರೆ? ಬೆಲ್ಟ್ ಸ್ವಲ್ಪ ಜಾರಿದರೆ ಅಡಿಕೆ ಉದ್ದಕ್ಕೆ ಎಳೆದ ಹಾಗೆ ಕಾಣುತ್ತದೆ.

ಬನವಾಸಿ_ಬೋರ್ಡು:
ಬೆಲ್ಟ್ ಸರಿಯಾಗಿ ಬಿಗಿ ಮಾಡಿದರೆ ಜಾರುವುದಿಲ್ಲ. ರೈಲು ನೋಡುವವರಿಗೆ ಬೆಲ್ಟಿನ ವಿಷಯ ಯಾಕೆ?

ಯಲ್ಲಾಪುರ_ಪಿಕ್ಸೆಲ್:
ಆ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಅಂಗಳದವರೇ, ಬೆಲ್ಟ್ ನಿಲ್ಲಿಸಿ. ಫ್ಲ್ಯಾಶ್ ಆಫ್ ಮಾಡಿ. ಹಗಲಿನಲ್ಲಿ ಒಂದು ಬಿಳಿ ಕಾಗದದ ಚಿತ್ರ ತೆಗೆಯಿರಿ. ಏನೂ ಅಲುಗಾಡದಿದ್ದರೂ ಕೆಳಗೆ ಬೆಳ್ಳಗಾದರೆ ತಕರಾರು ಸೆನ್ಸರ್ ಓದುವ ರೀತಿಯಲ್ಲೇ ಇದೆ.

ಅಡಿಕೆ_ಅಂಗಳ:
ತೆಗೆದೆ. ಮೇಲೆ ಪೂರ್ತಿ ಕಪ್ಪು, ಕೆಳಗೆ ಬಿಳಿ! ಕ್ಯಾಮೆರಾ ಗ್ಲೋಬಲ್‌ದೇ ಸರ್, ಡಬ್ಬಿ ಮೇಲೇ ಬರೆದಿದೆ, "ಗ್ಲೋಬಲ್ ರಿಸೆಟ್" ಅಂತ. ಶೆಡ್ಡಿನ ಮಾಡಿಗೆ ಬೆಳಕು ಬರಲಿ ಎಂದು ಪಾರದರ್ಶಕ ಶೀಟ್ ಹಾಕಿದ್ದೇನೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಯಲ್ಲಾಪುರ_ಪಿಕ್ಸೆಲ್:
ಸಿಕ್ಕಿತು! ಗ್ಲೋಬಲ್ ರಿಸೆಟ್ ಬೇರೆ, ಗ್ಲೋಬಲ್ ಶಟರ್ ಬೇರೆ. ರಿಸೆಟ್‌ನಲ್ಲಿ ಎಲ್ಲ ಸಾಲುಗಳೂ ಒಟ್ಟಿಗೆ ಶುರುವಾಗುತ್ತವೆ, ಆದರೆ ನಿಲ್ಲುವುದು ಒಂದಾದ ಮೇಲೆ ಒಂದು. ಒಳಗಿರುವುದು ರೋಲಿಂಗ್ ಸೆನ್ಸರ್. ಮುಚ್ಚಿಡುವ ಜಾಗ ಅದರಲ್ಲಿ ಇಲ್ಲ. ತನ್ನನ್ನು ಓದುವವರೆಗೂ ಪ್ರತಿ ಸಾಲೂ ಬೆಳಕು ಕುಡಿಯುತ್ತಲೇ ಇರುತ್ತದೆ.

ಲೆಕ್ಕ ನೋಡಿ. ಫ್ರೇಮ್ ಓದಲು 30 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದುಕೊಳ್ಳಿ. ಮೊದಲ ಸಾಲಿಗೆ 0.2 ಮಿಲಿಸೆಕೆಂಡ್ ಬೆಳಕು, ಕೊನೆಯ ಸಾಲಿಗೆ 30.2. ನೂರೈವತ್ತು ಪಟ್ಟು! ಬೆಲ್ಟ್ ಸೆಕೆಂಡಿಗೆ ಅರ್ಧ ಮೀಟರ್ ಓಡಿದರೆ ಅಷ್ಟರಲ್ಲಿ ಅಡಿಕೆ 15 ಮಿಲಿಮೀಟರ್ ಮುಂದೆ ಹೋಗಿರುತ್ತದೆ. ಫ್ಲ್ಯಾಶ್ ಹೊಡೆದಾಗಿನ ಚಿತ್ರ ಚೊಕ್ಕವಾಗೇ ಇದೆ. ಅದರ ಮೇಲೆ ಮಾಡಿನ ಶೀಟಿನ ಬೆಳಕು ಬಾಲ ಬರೆಯುತ್ತಿದೆ.

ಕ್ಯಾಮೆರಾ ಎಸೆಯಬೇಡಿ. ಈ ಮೋಡ್ ಇರುವುದೇ ಕತ್ತಲಲ್ಲಿ ಫ್ಲ್ಯಾಶ್ ಹೊಡೆದು ತೆಗೆಯಲು. ಬೆಲ್ಟ್ ಮೇಲೆ ಗೂಡು ಕಟ್ಟಿ. ಒಳಗೆ ಕಪ್ಪು ಬಣ್ಣ ಬಳಿಯಿರಿ, ಎರಡೂ ಬಾಯಿಗೆ ಕಪ್ಪು ರಬ್ಬರ್ ಪಟ್ಟಿ ಇಳಿಬಿಡಿ. ಫ್ಲ್ಯಾಶ್ ಆ 0.2 ಮಿಲಿಸೆಕೆಂಡ್ ಒಳಗೇ ಹೊತ್ತಿ ಆರಬೇಕು.

ಕುಮಟಾ_ವೈರಿಂಗ್:
ಆದರೂ ಟ್ಯೂಬ್‌ಲೈಟ್ ಆರಿಸಿ ಒಮ್ಮೆ ನೋಡಿ.

ಅಡಿಕೆ_ಅಂಗಳ:
ಸದ್ಯಕ್ಕೆ ಟಾರ್ಪಾಲು ದಪ್ಪಕ್ಕೆ ಮಡಚಿ ಹೊದಿಸಿದೆ. ಬಾಲ ಹೋಯಿತು, ಕೆಳಗಿನ ಅಡಿಕೆಯ ಬಣ್ಣವೂ ಸರಿಯಾಗಿ ಕಾಣುತ್ತಿದೆ. ತುಂಬ ಉಪಕಾರವಾಯಿತು ಸರ್. ಆದರೆ ಮುಚ್ಚಿದರೆ ಬೆಲ್ಟ್ ಮೇಲೆ ಅಡಿಕೆ ಸಿಕ್ಕಿಬಿದ್ದದ್ದು ಕಾಣುವುದಿಲ್ಲ. ತೆರೆದೇ ನಡೆಸಬೇಕಾದರೆ ಏನು ತರಲಿ?

ಯಲ್ಲಾಪುರ_ಪಿಕ್ಸೆಲ್:
ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಗ್ಲೋಬಲ್ ಶಟರ್ ಕ್ಯಾಮೆರಾ ಸಾಕು. 2023ರಲ್ಲಿ ಬಂದದ್ದು. ಒಳಗೆ ಸೋನಿ ಐಎಂಎಕ್ಸ್296, 1456 × 1088 ಪಿಕ್ಸೆಲ್. ಹೊರಗಿನಿಂದ ಟ್ರಿಗರ್ (ಚಿತ್ರ ತೆಗೆಯುವ ಸೂಚನೆ) ಕೊಡಬಹುದು.

ಕಾಳಿ_ದಂಡೆ:
ಅದೂ ನನ್ನ ಹತ್ತಿರ ಇದೆ. ಲೆನ್ಸ್ ಜೊತೆಗೆ ಬರುವುದಿಲ್ಲ, ಬೇರೆ ಕೊಳ್ಳಬೇಕು. ಸಿ ಮೌಂಟ್ ಲೆನ್ಸ್ ಕೂರುತ್ತದೆ. ರೈಲಿಗೆ ಹಾಕಿದ ಚಿತ್ರ ನಾಳೆ ಹಾಕುತ್ತೇನೆ.

ಬನವಾಸಿ_ಬೋರ್ಡು:
ಅಡಿಕೆಯ ಚಿತ್ರ ಇದ್ದರೆ ಹಾಕಿ.