ವೇಗಸ್ ಪ್ರೊ 9: ಎರಡನೇ ಮಾನಿಟರಿನಲ್ಲಿ ಪ್ರಿವ್ಯೂ ಕಾಡಿಗೆ ಬಳಿದ ಹಾಗೆ

ಮದ್ದಳೆಮನೆ:
ನಮಸ್ಕಾರ. ಅಪ್ಪಯ್ಯ ಮದ್ದಳೆ ಬಾರಿಸುತ್ತಿದ್ದ ಕಾಲದ 11 ಮಿನಿ ಡಿವಿ ಕ್ಯಾಸೆಟ್ ನಮ್ಮಲ್ಲಿವೆ. ಎಲ್ಲ 2004ರ ಆಸುಪಾಸಿನ ಯಕ್ಷಗಾನ ಬಯಲಾಟಗಳು. ಕ್ಯಾಮೆರಾ ಇನ್ನೂ ಜೀವ ಹಿಡಿದುಕೊಂಡಿದೆ. ಅದು ಸಾಯುವ ಮೊದಲು ಫೈರ್‌ವೈರ್‌ನಲ್ಲಿ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಂಡೆ. ಗಂಟೆಗೆ ಸುಮಾರು 13 ಜಿಬಿ. ವಿಂಡೋಸ್ 7, ವಿಡಿಯೋ ಎಡಿಟಿಂಗಿಗೆ ವೇಗಸ್ ಪ್ರೊ 9. ಸಾಫ್ಟ್‌ವೇರ್ ಸಮೇತ ಒಬ್ಬರಿಂದ ಹಳೆಯದಾಗಿ ಕೊಂಡ ಮಿಷಿನ್.

ತೊಂದರೆ ಏನೆಂದರೆ, ವೇಗಸ್ ಒಳಗಿನ ಸಣ್ಣ ಪ್ರಿವ್ಯೂ ಕಿಟಕಿಯಲ್ಲಿ ಚಿತ್ರ ಪರವಾಗಿಲ್ಲ, ಎರಡನೇ ಮಾನಿಟರಿಗೆ ಫುಲ್‌ಸ್ಕ್ರೀನ್ ಕಳಿಸಿದರೆ ಮಾತ್ರ ಕತ್ತಲೆ. ಬಣ್ಣದ ವೇಷದ ಮುಖದಲ್ಲಿ ಚಿಟ್ಟಿಯ (ಅಕ್ಕಿಹಿಟ್ಟಿನ ಚುಕ್ಕೆಗಳ) ಬಿಳಿ ಕಣ್ಣಿಗೆ ಹೊಡೆಯುತ್ತದೆ, ಉಳಿದದ್ದೆಲ್ಲ ಹೊಂಡ. ಭಾಗವತರ ಹಿಂದೆ ಕೂತವರು ಯಾರೆಂದೇ ಗೊತ್ತಾಗುವುದಿಲ್ಲ. ಮಾನಿಟರ್ ಬ್ರೈಟ್‌ನೆಸ್ ಏರಿಸಿದೆ, ಗ್ರಾಫಿಕ್ಸ್ ಡ್ರೈವರ್ ತೆಗೆದು ಮತ್ತೆ ಹಾಕಿದೆ, ಪ್ರಿವ್ಯೂವನ್ನು ಡ್ರಾಫ್ಟ್‌ನಿಂದ ಬೆಸ್ಟ್‌ಗೆ ಬದಲಿಸಿದೆ. ಅದೇ ಫೈಲ್ ಬೇರೆ ಪ್ಲೇಯರಿನಲ್ಲಿ ಸರಿಯಾಗಿಯೇ ಓಡುತ್ತದೆ.

ನಾನು ಮಾಡಿದ ಮೂರ್ಖತನವನ್ನೂ ಹೇಳಿಬಿಡುತ್ತೇನೆ. ದೊಡ್ಡ ಸ್ಕ್ರೀನನ್ನೇ ನಂಬಿ ಮೊದಲ ಕ್ಯಾಸೆಟ್ಟಿಗೆ ಬ್ರೈಟ್‌ನೆಸ್ ಎಫೆಕ್ಟ್ ಹಾಕಿ, ಡಿವಿಡಿ ಬರೆದು ಅತ್ತೆಗೆ ಕೊಟ್ಟೆ. ಅವರ ಟಿವಿಯಲ್ಲಿ ಎಲ್ಲರ ಮುಖಕ್ಕೂ ಸುಣ್ಣ. "ಇದೆಂಥ ಆಟ ಮಾರಾಯ, ಎಲ್ಲ ಪ್ರೇತಗಳ ಹಾಗೆ ಕಾಣ್ತಾರೆ" ಅಂದರು.

ಹಳೇಹುಲಿ:
ಓವರ್‌ಲೇ ಇರಬಹುದು. ಹಳೆಯ ಎಡಿಟರುಗಳು ವಿಡಿಯೋವನ್ನು ಡೆಸ್ಕ್‌ಟಾಪ್ ಜೊತೆ ಬೆರೆಸದೆ ಗ್ರಾಫಿಕ್ಸ್ ಕಾರ್ಡಿನ ಪ್ರತ್ಯೇಕ ಪದರಕ್ಕೆ ಕಳಿಸುತ್ತಿದ್ದವು. ಆ ಪದರಕ್ಕೆ ಬ್ರೈಟ್‌ನೆಸ್, ಗಾಮಾ ಎಲ್ಲ ಬೇರೆಯೇ. ಡ್ರೈವರಿನ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ವಿಡಿಯೋ ಕಲರ್ ಎಂಬ ಕಡೆ ಇರುತ್ತದೆ. ಮಾನಿಟರ್ ಗುಂಡಿ ತಿರುವಿ ಪ್ರಯೋಜನವಿಲ್ಲ. ಪ್ರಿವ್ಯೂ ಓಡುವಾಗ ಪ್ರಿಂಟ್ ಸ್ಕ್ರೀನ್ ಒತ್ತಿ ಪೇಂಟ್‌ನಲ್ಲಿ ಅಂಟಿಸಿ ನೋಡಿ. ಚಿತ್ರದ ಜಾಗ ಖಾಲಿ ಬಂದರೆ ಓವರ್‌ಲೇ. ವಿಂಡೋಸ್ 7 ಆದರೆ ಏರೋ (ಕಿಟಕಿಗಳ ಗಾಜಿನಂಥ ಅಂಚು) ಕೂಡ ತಾನಾಗಿ ಆಫ್ ಆಗುತ್ತದೆ.

ಮದ್ದಳೆಮನೆ:
ಏರೋ ಹಾಗೇ ಇದೆ. ಪ್ರಿಂಟ್ ಸ್ಕ್ರೀನ್‌ನಲ್ಲಿ ಚಿತ್ರ ಬಂತು, ಕತ್ತಲೆ ಸಮೇತ.

ಟೈಮ್‌ಲೈನ್_ತಿಮ್ಮ:
ಹಾಗಾದರೆ ಓವರ್‌ಲೇ ಬಿಡಿ. ಹದಿನೈದು ವರ್ಷ ಮದುವೆ ಕ್ಯಾಸೆಟ್ ಕತ್ತರಿಸಿದವನು ನಾನು, ಈ ಕತ್ತಲೆಯ ಪರಿಚಯ ಚೆನ್ನಾಗಿದೆ.

ವೇಗಸ್ ಡಿವಿ ಫೈಲನ್ನು ಬಿಚ್ಚುವಾಗ ಬೆಳಕಿನ 0–255 ಅಳತೆಯಲ್ಲಿ ಕಪ್ಪನ್ನು 16ರಲ್ಲಿ, ಬಿಳಿಯನ್ನು 235ರಲ್ಲಿ ಇಡುತ್ತದೆ. ಅದೇ ಸ್ಟುಡಿಯೋ ಆರ್‌ಜಿಬಿ. ಕಂಪ್ಯೂಟರ್ ಮಾನಿಟರಿಗೆ ಪೂರ್ತಿ 0ಯಿಂದ 255 ಬೇಕು, ಅದು ಕಂಪ್ಯೂಟರ್ ಆರ್‌ಜಿಬಿ. ಅದಕ್ಕೇ ಪ್ರಿಫರೆನ್ಸಸ್‌ನ ಪ್ರಿವ್ಯೂ ಡಿವೈಸ್ ಪುಟದಲ್ಲಿ "ಅಡ್ಜಸ್ಟ್ ಲೆವೆಲ್ಸ್ ಫ್ರಮ್ ಸ್ಟುಡಿಯೋ ಆರ್‌ಜಿಬಿ ಟು ಕಂಪ್ಯೂಟರ್ ಆರ್‌ಜಿಬಿ" ಅಂತ ಒಂದು ಟಿಕ್ ಇದೆ, 16–235ನ್ನು 0–255ಕ್ಕೆ ಹಿಗ್ಗಿಸುವುದು ಅದರ ಕೆಲಸ. ಅದು ಎರಡನೇ ಸ್ಕ್ರೀನಿಗೆ ಮಾತ್ರ, ಸಣ್ಣ ಕಿಟಕಿಗೆ ತಾಗುವುದಿಲ್ಲ. ಟಿಕ್ ಇರುವುದು ತಪ್ಪಲ್ಲ, ಡಿವಿಗೆ ಬೇಕಾದದ್ದೇ.

ನನ್ನ ಗುಮಾನಿ ಬೇರೆ. ಪ್ರಿವ್ಯೂ ಕಿಟಕಿಯ ಮೇಲೆ ವಿಡಿಯೋ ಔಟ್‌ಪುಟ್ ಎಫ್‌ಎಕ್ಸ್ ಗುಂಡಿ ಇದೆ, ಒತ್ತಿ ನೋಡಿ. ಅಲ್ಲಿ ಸೋನಿ ಲೆವೆಲ್ಸ್ ಎಂಬ ಎಫೆಕ್ಟ್, "ಸ್ಟುಡಿಯೋ ಆರ್‌ಜಿಬಿ ಟು ಕಂಪ್ಯೂಟರ್ ಆರ್‌ಜಿಬಿ" ಪ್ರಿಸೆಟ್‌ನಲ್ಲಿ ಕೂತಿದೆಯಾ? ಇದ್ದರೆ ಒಂದೇ ಹಿಗ್ಗಿಸುವಿಕೆ ಎರಡು ಸಲ ಆಗುತ್ತಿದೆ. 32 ಇದ್ದ ನೆರಳು ಮೊದಲ ಸಲಕ್ಕೆ 19, ಎರಡನೇ ಸಲಕ್ಕೆ 3. ನಿಮ್ಮ ಹೊಂಡ ಅದೇ. ಬಿಳಿಯ ಕಡೆಯೂ ಹೀಗೇ ಹರಿದುಹೋಗುತ್ತದೆ, ಚಿಟ್ಟಿ ಕಣ್ಣಿಗೆ ಹೊಡೆಯುವುದು ಅದಕ್ಕೆ.

ಮದ್ದಳೆಮನೆ:
ತಿಮ್ಮಣ್ಣ, ಕೂತಿದೆ! ನಾನಂತೂ ಹಾಕಿದ್ದಲ್ಲ. ಮಾರಿದವರ ಹಳೆಯ ಪ್ರಾಜೆಕ್ಟ್ ಫೈಲನ್ನೇ ತೆರೆದು, ಅವರ ಕ್ಲಿಪ್ ಅಳಿಸಿ ನನ್ನದನ್ನು ತುಂಬಿದ್ದೆ. ಕ್ಲಿಪ್ ಹೋಯಿತು, ಎಫೆಕ್ಟ್ ಉಳಿಯಿತು. ಟಿಕ್ ತೆಗೆಯಲಾ, ಎಫೆಕ್ಟ್ ತೆಗೆಯಲಾ?

ಟೈಮ್‌ಲೈನ್_ತಿಮ್ಮ:
ಎಫೆಕ್ಟ್ ತೆಗೀರಿ. ಟಿಕ್ ಬರೀ ನೋಟಕ್ಕೆ, ರೆಂಡರಿಗೆ (ಕೊನೆಗೆ ತಯಾರಾಗುವ ಫೈಲಿಗೆ) ಬರುವುದಿಲ್ಲ. ಔಟ್‌ಪುಟ್ ಎಫ್‌ಎಕ್ಸ್ ಮಾತ್ರ ಡಿವಿಡಿಯೊಳಗೇ ಹೋಗಿ ಕೂರುತ್ತದೆ. ಅತ್ತೆಯವರ ಪ್ರೇತಗಳಿಗೆ ಅರ್ಧ ಕಾರಣ ಅದು, ಅರ್ಧ ನಿಮ್ಮ ಬ್ರೈಟ್‌ನೆಸ್. ಎರಡನ್ನೂ ಕಿತ್ತು, ವಿಡಿಯೋ ಸ್ಕೋಪ್ಸ್‌ನ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೋಡಿ: ಕಪ್ಪು 16ರ ಹತ್ತಿರ ಶುರುವಾಗಬೇಕು. ಎಡಿಟ್ ಮಾಡುವಾಗ ಕಣ್ಣಿಗಿಂತ ಅದನ್ನು ನಂಬಿ.

ಹೆಸರು ತೋರಿಸುವ ಟೈಟಲ್, ಸ್ಕ್ಯಾನ್ ಮಾಡಿದ ಫೋಟೋ ಸೇರಿಸುತ್ತೀರಾದರೆ ಅವು ಮೊದಲೇ 0–255. ಅವುಗಳಿಗೆ ಮಾತ್ರ ಉಲ್ಟಾ ಪ್ರಿಸೆಟ್, ಕಂಪ್ಯೂಟರ್‌ನಿಂದ ಸ್ಟುಡಿಯೋಗೆ, ಆಯಾ ಕ್ಲಿಪ್ಪಿನ ಮೇಲೇ ಹಾಕಿ. ಇಲ್ಲದಿದ್ದರೆ ದೊಡ್ಡ ಸ್ಕ್ರೀನಿನಲ್ಲಿ ಫೋಟೋ ಮಾತ್ರ ಮತ್ತೆ ಕಪ್ಪಾಗುತ್ತದೆ, ನೀವು ಮತ್ತೆ ಇಲ್ಲಿಗೆ ಬರುತ್ತೀರಿ.

ಮದ್ದಳೆಮನೆ:
ಈಗಷ್ಟೇ ನೋಡಿದೆ. ಭಾಗವತರ ಹಿಂದೆ ಕೂತು ತೂಕಡಿಸುತ್ತಿರುವುದು ನಾನೇ ಮಾರಾಯ್ರೆ. ಹೊಸ ಪ್ರಾಜೆಕ್ಟ್ ತೆರೆದು ಮೊದಲ ಕ್ಯಾಸೆಟ್ಟಿನಿಂದ ಶುರು ಮಾಡುತ್ತಿದ್ದೇನೆ. ಅತ್ತೆಗೆ ಬೇರೆ ಡಿವಿಡಿ ಕೊಡಬೇಕು, ಹಳೆಯದನ್ನು ಅವರು ಬಾಳೆಗಿಡಕ್ಕೆ ಹಕ್ಕಿ ಓಡಿಸಲು ಕಟ್ಟಿಯಾಗಿದೆ.