ಮುತ್ತಾತನ ಹಿಂದಿನ ತಲೆಮಾರುಗಳನ್ನು ಹುಡುಕುವ ಬಗೆ ಹೇಗೆ?

ಪ್ರಶ್ನೆ: ಶಿಡ್ಲಘಟ್ಟದ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜಿ ಈ ವರ್ಷ ಹಾಸಿಗೆ ಹಿಡಿದ ಮೇಲೆ, ಅವರಿಗೆ ತಿಳಿದಿರುವುದನ್ನೆಲ್ಲ ಬರೆದಿಟ್ಟುಕೊಳ್ಳಬೇಕೆಂಬ ತವಕ ನನಗೆ ಹೆಚ್ಚಾಗಿದೆ. ತಾತನ ತಂದೆಯವರ ಹೆಸರಿನವರೆಗೆ ಸರಾಗವಾಗಿ ಬಂದೆ. ಅಲ್ಲಿಂದಾಚೆಗೆ ಏನೂ ಸಿಗುತ್ತಿಲ್ಲ. ವಂಶವೃಕ್ಷ ರಚಿಸಿಕೊಡುವ ಒಂದು ಜಾಲತಾಣಕ್ಕೆ ಹಣ ಕಟ್ಟಿ ಹೆಸರುಗಳನ್ನು ತುಂಬಿದಾಗ, ಅದೇ ಹೆಸರಿನ, ಬೇರೆ ಯಾವುದೋ ಜಿಲ್ಲೆಯ ಕುಟುಂಬವೊಂದನ್ನು ಅದು ನಮ್ಮ ಮನೆತನಕ್ಕೆ ಜೋಡಿಸಿಬಿಟ್ಟಿತು. ನಮ್ಮವರು ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಬೇರೊಂದು ಊರಿನಿಂದ ಇಲ್ಲಿಗೆ ಬಂದವರೆಂದು ಅಜ್ಜಿ ಹೇಳುತ್ತಾರೆ. ಆ ಊರಿನ ಹೆಸರನ್ನೂ ಹೇಳುತ್ತಾರೆ, ಆದರೆ ಗೂಗಲ್ ನಕ್ಷೆಯಲ್ಲಿ ಆ ಹೆಸರಿನ ಊರೇ ಕಾಣಿಸುವುದಿಲ್ಲ. ಮನೆಯಲ್ಲಿ ಕೂತು ಏನೆಲ್ಲ ನೋಡಬಹುದು, ಯಾವುದಕ್ಕೆ ಕಚೇರಿಗೆ ಹೋಗಲೇಬೇಕು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ: ಕಂದಾಯ ಇಲಾಖೆಯ ನಿವೃತ್ತ ನೌಕರ, ಕೋಲಾರ

ಅಮ್ಮಾ, ನಮಸ್ಕಾರ. ನೀವು ಹೆಸರು ಹಿಡಿದು ಹುಡುಕುತ್ತಿದ್ದೀರಿ. ಸರ್ವೆ ನಂಬರ್ ಹಿಡಿದು ಹುಡುಕಿ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ನಮ್ಮ ಕಡೆ ಇರುವುದರಿಂದ, ಒಂದು ತಲೆಮಾರು ಬಿಟ್ಟು ಇನ್ನೊಂದಕ್ಕೆ ಅದೇ ಹೆಸರು ಬರುತ್ತದೆ, ಒಂದೇ ಊರಿನಲ್ಲಿ ನಾಲ್ವರು ಮುನಿಯಪ್ಪಂದಿರು ಇರುತ್ತಾರೆ. ಜಮೀನು ಹಾಗಲ್ಲ. ಅಣ್ಣತಮ್ಮಂದಿರ ನಡುವೆ ಹಿಸ್ಸೆಯಾಗಿ ಒಡೆದರೂ ಮೂಲ ಸರ್ವೆ ನಂಬರ್ ಉಳಿದುಕೊಳ್ಳುತ್ತದೆ.

ಮೊದಲು ಸರ್ಕಾರದ ಜಮೀನು ದಾಖಲೆಗಳ ಭೂಮಿ ಜಾಲತಾಣದಲ್ಲಿ ನಿಮ್ಮ ಊರಿನ ಪಹಣಿ ತೆರೆದು, ಸ್ವಾಧೀನದಾರರ ಹೆಸರಿನೊಂದಿಗೆ ಇರುವ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್, ಅಂದರೆ ಖಾತೆ ಬದಲಾವಣೆಯ ಪುಸ್ತಕ) ಸಂಖ್ಯೆಯನ್ನು ಬರೆದುಕೊಳ್ಳಿ. ಪಹಣಿಗಳು ಗಣಕೀಕರಣಗೊಂಡದ್ದು 2000ದ ಆಸುಪಾಸಿನಲ್ಲಿ. ಅದಕ್ಕೂ ಹಿಂದಿನ ಕೈಬರಹದ ಪಹಣಿ, ಮ್ಯುಟೇಶನ್ ರಿಜಿಸ್ಟರ್, ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಜಮೀನುಗಳ ಸೂಚಿ) ಪುಸ್ತಕಗಳಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅರ್ಜಿ ಕೊಟ್ಟು ದೃಢೀಕೃತ ನಕಲು ಪಡೆಯಬಹುದು. ಅವುಗಳಲ್ಲಿ ಪೌತಿ ಖಾತೆಯ ನಮೂದನ್ನು ಬಿಡಬೇಡಿ, ಏಕೆಂದರೆ ಖಾತೆದಾರರು ತೀರಿಕೊಂಡ ಮೇಲೆ ವಾರಸುದಾರರು ಯಾರು ಯಾರು ಎಂದು ಹೆಸರಿಸಿ ಬರೆಯುವ ದಾಖಲೆ ಅದು. ನೋಂದಾಯಿತ ವಿಭಾಗಪತ್ರವಿದ್ದರೆ ಅಣ್ಣತಮ್ಮಂದಿರೆಲ್ಲ ಒಂದೇ ಕಡೆ ಸಿಗುತ್ತಾರೆ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ (ಇ.ಸಿ., ಆಸ್ತಿಯ ನೋಂದಾಯಿತ ವ್ಯವಹಾರಗಳ ಪಟ್ಟಿ) 2004ರಿಂದೀಚೆಗೆ ಮಾತ್ರ ಸುಲಭವಾಗಿ ಸಿಗುತ್ತದೆ, ಹಿಂದಿನದಕ್ಕೆ ಉಪನೋಂದಣಿ ಕಚೇರಿಯೇ ಗತಿ. ನಿಮ್ಮ ಶಿಡ್ಲಘಟ್ಟ ಸೇರಿರುವ ಚಿಕ್ಕಬಳ್ಳಾಪುರ ಕೋಲಾರದಿಂದ ಒಡೆದು ಬೇರೆ ಜಿಲ್ಲೆಯಾದದ್ದು 2007ರಲ್ಲಿ, ಆದ್ದರಿಂದ ಜಿಲ್ಲಾ ಮಟ್ಟದ ಹಳೆಯ ಕಡತ ಬೇಕಾದರೆ ಕೋಲಾರದಲ್ಲಿಯೂ ವಿಚಾರಿಸಿ.

ಕಾಣೆಯಾದ ಊರಿನ ವಿಷಯಕ್ಕೆ ಬಂದರೆ, ಅದು ಬೇಚರಾಕ್ ಗ್ರಾಮವಾಗಿರಬಹುದು. ಜನ ಬಿಟ್ಟುಹೋದ ಮೇಲೂ ಅಂಥ ಊರಿನ ಹೆಸರು ಕಂದಾಯ ದಾಖಲೆಯಲ್ಲಿ ಮುಂದುವರಿಯುತ್ತದೆ, ಆದರೆ ಮನೆಗಳಿಲ್ಲದ ಕಾರಣ ಸಾಮಾನ್ಯ ನಕ್ಷೆಯಲ್ಲಿ ಕಾಣುವುದಿಲ್ಲ. ಭೂ ದಾಖಲೆಗಳ ಇಲಾಖೆಯ ಜಾಲತಾಣದಲ್ಲಿ ಹೋಬಳಿವಾರು ಕಂದಾಯ ನಕ್ಷೆಗಳಿವೆ, ಅಲ್ಲಿ ನೋಡಿ. ನಂತರ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗಕ್ಕೇ ಹೋದರೆ, ನೀವು ನಿಂತಿರುವ ನೆಲದ ಸರ್ವೆ ನಂಬರ್ ತೋರಿಸುತ್ತದೆ. ಪಾಳುಬಿದ್ದ ಗುಡಿಯೋ ಬಾವಿಯೋ ಉಳಿದಿದ್ದರೆ ಅದರ ಚಿತ್ರ ತೆಗೆದುಕೊಳ್ಳಿ.

ಉತ್ತರ: ತಿಪಟೂರಿನ ಶಿಕ್ಷಕ

ಹಿರಿಯರು ಹೇಳಿದ್ದಕ್ಕೆ ಕಾಲದ ಲೆಕ್ಕವನ್ನಷ್ಟೇ ಸೇರಿಸುತ್ತೇನೆ. ಧಾತು ಸಂವತ್ಸರ 1876ರಲ್ಲಿ, ಈಶ್ವರ 1877ರಲ್ಲಿ ಮೊದಲಾಯಿತು. ಮೈಸೂರು ಸೀಮೆಯನ್ನು ಹಿಂಡಿದ ಮಹಾಕ್ಷಾಮ ಅದೇ. ನಿಮ್ಮ ಮನೆಯವರು ಊರು ಬಿಟ್ಟ ಕಾಲ ಹೀಗೆ ಒಂದೆರಡು ವರ್ಷದ ಅಂತರಕ್ಕೆ ಸಿಕ್ಕಿಬಿಟ್ಟಿತು, ಇದು ದೊಡ್ಡ ಲಾಭ. ಆದರೆ ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳುವುದರಿಂದ ಹಳೆಯ ಪತ್ರದಲ್ಲಿ ಬರೀ ಧಾತು ಎಂದಿದ್ದರೆ ಅದು 1936 ಕೂಡ ಆಗಬಹುದು. ಬರೆಸಿದವರ ವಯಸ್ಸನ್ನು ತಾಳೆ ನೋಡದೆ ತೀರ್ಮಾನಿಸಬೇಡಿ. ಪ್ಲೇಗು ಸಂಸ್ಥಾನಕ್ಕೆ 1898ರಲ್ಲಿ ಬಂದರೂ ಮುಂದಿನ ವರ್ಷಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿತು, ಹಾಗಾಗಿ "ಪ್ಲೇಗಿನ ವರ್ಷ" ಎಂಬ ಮಾತು ಅಷ್ಟು ಖಚಿತವಲ್ಲ.

ಅಜ್ಜಿಯವರ ಮಾತನ್ನು ಇಂದೇ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಹೆಸರು ಕೇಳಿದರೆ ಹಿರಿಯರು ತಡವರಿಸುತ್ತಾರೆ. ಮನೆದೇವರು ಎಲ್ಲಿ, ಯಾವ ಊರಿನಿಂದ ಹೆಣ್ಣು ತರುತ್ತಿದ್ದರು, ಹಬ್ಬದಲ್ಲಿ ಯಾರಿಗೆ ಎಡೆ ಇಡುತ್ತಿದ್ದರು ಎಂದು ಕೇಳಿದರೆ ಹೆಸರುಗಳು ತಾವಾಗಿಯೇ ಬರುತ್ತವೆ. ನಿಮ್ಮ ಮನೆಗೆ ಹೆಳವರು ಬರುತ್ತಿದ್ದರೇ ಎಂದೂ ಕೇಳಿ. ಎತ್ತಿನೊಂದಿಗೆ ಬಂದು ಮನೆತನದ ವಂಶಾವಳಿ ಹೇಳಿ ದವಸ ಪಡೆಯುತ್ತಿದ್ದ ಅವರ ಬಳಿ, ಯಾವ ಕಚೇರಿಯಲ್ಲೂ ಸಿಗದ ವಿವರ ಇರಬಹುದು.

ಬರೆದಿಡಲು ನಾನು ಗ್ರ್ಯಾಂಪ್ಸ್ ಎಂಬ ಉಚಿತ ತಂತ್ರಾಂಶ ಬಳಸುತ್ತೇನೆ. ಮಾಹಿತಿ ನಮ್ಮ ಕಂಪ್ಯೂಟರಿನಲ್ಲಿಯೇ ಉಳಿಯುತ್ತದೆ ಮತ್ತು ಪ್ರತಿ ಹೆಸರಿಗೂ ಅದು ಎಲ್ಲಿಂದ ಬಂತೆಂಬ ಆಧಾರವನ್ನು ಜೋಡಿಸಬಹುದು. ಫ್ಯಾಮಿಲಿಸರ್ಚ್ ಎಂಬ ವಂಶವೃಕ್ಷದ ಜಾಲತಾಣ ಕೂಡ ಉಚಿತ, ಆದರೆ ಅಲ್ಲಿನ ವೃಕ್ಷ ಎಲ್ಲರಿಗೂ ಸೇರಿದ್ದು, ಬೇರೆಯವರು ತಿದ್ದಬಲ್ಲರು. ಅಲ್ಲಿ ಹರಿದ್ವಾರದ ಪಂಡಾಗಳು (ತೀರ್ಥ ಪುರೋಹಿತರು) ಯಾತ್ರಿಕರ ವಂಶಾವಳಿ ಬರೆದಿಟ್ಟ ವಹಿಗಳ ಚಿತ್ರಗಳಿದ್ದರೂ, ಕಾಶಿ ಗಯೆಗಳಿಗೆ ಹೋದ ನಮ್ಮ ಹಿರಿಯರಿಗೆ ಅವುಗಳಿಂದ ಪ್ರಯೋಜನ ಕಡಿಮೆ.

ಉತ್ತರ: ರಾಬರ್ಟ್‌ಸನ್‌ಪೇಟೆ ನಿವಾಸಿ

ಮೇಲಿನ ಎರಡೂ ಉತ್ತರಗಳು ಜಮೀನಿದ್ದವರಿಗೆ ಹೊಂದುತ್ತವೆ. ನಮ್ಮ ತಾತ ಕೋಲಾರದ ಚಿನ್ನದ ಗಣಿಗೆ (ಕೆ.ಜಿ.ಎಫ್.) ಇಳಿದವರು. ಕಂಪನಿಯ ಲೈನ್ ಮನೆ ಬಿಟ್ಟರೆ ಅವರಿಗೆ ಒಂದು ಗುಂಟೆಯೂ ಇರಲಿಲ್ಲ. ಗಣಿ 2001ರಲ್ಲಿ ಮುಚ್ಚಿತು. ನನಗೆ ದಾರಿ ತೋರಿಸಿದ್ದು ಚರ್ಚಿನ ಜ್ಞಾನಸ್ನಾನದ ರಿಜಿಸ್ಟರ್. ಅದರಲ್ಲಿ ತಂದೆತಾಯಿಯರ ಜೊತೆಗೆ ಜ್ಞಾನಪೋಷಕರ ಹೆಸರೂ ಇತ್ತು, ಅವರು ವಿಚಾರಿಸುತ್ತಾ ಹೋದರೆ ನಮ್ಮ ಮೂಲ ಊರಿನ ನೆಂಟರೇ ಆಗಿದ್ದರು. ಬ್ರಿಟಿಷ್ ಕಾಲದ ಕುಟುಂಬಗಳಿಗಾಗಿ ಇರುವ ಫಿಬಿಸ್ ಜಾಲತಾಣವನ್ನೂ ನೋಡಿದೆ, ಆದರೆ ಅಲ್ಲಿರುವುದು ಬಹುಪಾಲು ಯುರೋಪಿಯನ್ನರ ಮತ್ತು ಆಂಗ್ಲೋ ಇಂಡಿಯನ್ನರ ಹೆಸರುಗಳು. ಭೂಮಿಯಿಲ್ಲದ ಹಳ್ಳಿಯ ಕುಟುಂಬಗಳಿಗೆ ಏನು ದಾರಿ?

ಉತ್ತರ: ಕಂದಾಯ ಇಲಾಖೆಯ ನಿವೃತ್ತ ನೌಕರ, ಕೋಲಾರ

ಸರಿಯಾದ ಪ್ರಶ್ನೆ, ನಾನೇ ಮೊದಲು ಹೇಳಬೇಕಿತ್ತು. ಪಟೇಲ, ಶಾನುಭೋಗರಿಗೆ ಮಾತ್ರವಲ್ಲದೆ ತೋಟಿ, ತಳವಾರ, ನೀರಗಂಟಿಗಳಿಗೂ ಸೇವೆಗಾಗಿ ಇನಾಮು ಜಮೀನಿತ್ತು. ನಮ್ಮ ಕೆರೆಗಳ ಸೀಮೆಯಲ್ಲಿ ತೂಬು ಎತ್ತಿ ಗದ್ದೆಗೆ ನೀರು ಹಂಚುತ್ತಿದ್ದ ನೀರಗಂಟಿಯ ಕೆಲಸ ವಂಶಪಾರಂಪರ್ಯವಾಗಿ ಬಂದದ್ದು. ಗ್ರಾಮ ಹುದ್ದೆಗಳನ್ನು ರದ್ದುಪಡಿಸಿದ 1961ರ ಕಾಯ್ದೆಯ ನಂತರ ಆ ಜಮೀನುಗಳನ್ನು ಮರುಮಂಜೂರು ಮಾಡುವಾಗ, ಹುದ್ದೆ ಯಾರಿಂದ ಯಾರಿಗೆ ಬಂತೆಂದು ವಿಚಾರಣೆ ನಡೆಯುತ್ತಿತ್ತು. ಆ ಕಡತಗಳನ್ನು ಕೇಳಿ ನೋಡಿ. ಅದೂ ಇಲ್ಲದವರಿಗೆ ಸರ್ಕಾರಿ ಶಾಲೆಯ ದಾಖಲಾತಿ ರಿಜಿಸ್ಟರ್ ಇದೆ. ಅಲ್ಲಿನ ಜನ್ಮದಿನಾಂಕ ಅಂದಾಜಿನದಿರಬಹುದು, ತಂದೆಯ ಹೆಸರು ನಂಬಬಹುದು.

ಹೆಣ್ಣುಮಕ್ಕಳ ಹೆಸರು ಈ ಎಲ್ಲದರಲ್ಲೂ ಕಡಿಮೆ. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ತಂದು ವಿಭಾಗದ ವೇಳೆ ತಾಯಿ, ವಿಧವೆ, ಮದುವೆಯಾಗದ ಮಗಳಿಗೆ ಪಾಲು ಕೊಟ್ಟಿತು. ಆನಂತರದ ವಿಭಾಗಪತ್ರಗಳಲ್ಲಿ ಅವರನ್ನು ವಿಶೇಷವಾಗಿ ಹುಡುಕಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಕಂದಾಯ ನಕ್ಷೆಯಲ್ಲಿ ಅಜ್ಜಿ ಹೇಳಿದ ಊರು ಸಿಕ್ಕಿತು, ನಮ್ಮ ಹಳ್ಳಿಗೆ ಎರಡು ಊರಾಚೆ. ಹೆಸರು ಓದಿ ಹೇಳಿದಾಗ ಅಜ್ಜಿ ಅಲ್ಲಿನ ಮಾರಮ್ಮನ ಗುಡಿಯ ಸುದ್ದಿ ತೆಗೆದರು. ಅರ್ಧ ಗಂಟೆ ಧ್ವನಿಮುದ್ರಿಸಿದ್ದೇನೆ. ಸೋಮವಾರ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಡುತ್ತೇನೆ.